ಗೋಧಿ, ಹಾಲು ಎರಡೂ ಬಿಟ್ಟ ಪುಟ್ಟಿಗೆ ಏನು ಬಡಿಸುವುದು?

ನೋಡೇ, ನಿನ್ನ ಮೆಸೇಜ್ ಈಗ ಓದಿದೆ. ಪುಟ್ಟಿಗೆ ಸೀಲಿಯಾಕ್, ಅಂದರೆ ಗೋಧಿಯಲ್ಲಿರುವ ಗ್ಲುಟನ್ ಅನ್ನುವ ಪ್ರೋಟೀನ್ ಕರುಳಿಗೆ ಆಗದ ಕಾಯಿಲೆ, ಅಂತ ಡಾಕ್ಟರು ಹೇಳಿದ್ದಾರೆ, ಇನ್ನು ಗೋಧಿ ಮುಟ್ಟುವಂತಿಲ್ಲ. ಹಾಲು, ಮೊಸರು, ತುಪ್ಪ ಅವಳು ಮೊದಲೇ ಬಿಟ್ಟಿದ್ದಾಳೆ. "ನನ್ನ ಮಗು ಇನ್ನೇನು ತಿನ್ನಬೇಕು" ಅಂತ ಗ್ರೂಪಿನಲ್ಲಿ ಕೇಳಿದ್ದೀಯ. ಟೈಪ್ ಮಾಡಿದರೆ ಮುಗಿಯುವುದಿಲ್ಲ, ಅದಕ್ಕೆ ಮಾತಾಡಿಯೇ ಹೇಳುತ್ತೇನೆ, ಪೂರ್ತಿ ಕೇಳು.

ಮೊದಲು ನೀನು ಆನ್‌ಲೈನ್‌ನಲ್ಲಿ ನೋಡಿದ ಆ ಪಟ್ಟಿ ಬಿಡು. ಗ್ಲುಟನ್ ಫ್ರೀ ಬ್ರೆಡ್ಡು, ಬಿಸ್ಕತ್ತು, ಬಾದಾಮಿ ಹಾಲಿನ ಡಬ್ಬ, ಯಾವುದೂ ಬೇಡ ಕಣೇ. ಗ್ಲುಟನ್ ಇರುವುದು ಗೋಧಿ, ಬಾರ್ಲಿ, ರೈ ಈ ಮೂರರಲ್ಲಿ. ಅಂದರೆ ಮೈದಾ, ರವೆ, ಚಿರೋಟಿ ರವೆ, ಗೋಧಿ ಶಾವಿಗೆ ಎಲ್ಲ ಹೋಯಿತು. ಉಳಿದದ್ದು ಏನು ಅಂತ ನೋಡು. ರಾಗಿ, ಅಕ್ಕಿ, ಜೋಳ, ನವಣೆ, ಸಾಮೆ, ನಿಮ್ಮ ತುಮಕೂರು ಕಡೆ ಬೆಳೆಯುವ ಕೊರಲೆ, ಅವರೆ, ಅಲಸಂದೆ, ಹುರುಳಿ, ತೊಗರಿ, ಕಡಲೇಕಾಯಿ, ಎಳ್ಳು, ಹುಚ್ಚೆಳ್ಳು, ತಿಪಟೂರು ಕೊಬ್ಬರಿ. ನಮ್ಮ ಅಜ್ಜಿ ದಿನಾ ಉಣ್ಣುತ್ತಿದ್ದ ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯದಲ್ಲಿ ಗೋಧಿ ಎಲ್ಲಿತ್ತು, ಹಾಲು ಎಲ್ಲಿತ್ತು ಹೇಳು?

ಹಾಗಂತ ಸುಮ್ನೆ ಮುದ್ದೆ ಹಾಕಿದರೆ ಆಯಿತು ಅನ್ನುತ್ತಿಲ್ಲ. ಇಲ್ಲೇ ಒಂದು ಮುಖ್ಯ ವಿಷಯ ಇದೆ, ಇದನ್ನು ಯಾರೂ ನಿನಗೆ ಹೇಳಿರುವುದಿಲ್ಲ. ಹಿಟ್ಟಿನ ಮಿಲ್ಲು. ರಾಗಿಯಲ್ಲಿ ಗ್ಲುಟನ್ ಇಲ್ಲ, ಆದರೆ ಮಿಲ್ಲಿನಲ್ಲಿ ನಿನಗಿಂತ ಮುಂಚೆ ಬಂದವರು ಗೋಧಿ ಬೀಸಿಸಿಕೊಂಡು ಹೋಗಿರುತ್ತಾರೆ, ಅದೇ ಕಲ್ಲಿಗೆ ನಿನ್ನ ರಾಗಿ ಸುರಿಯುತ್ತಾರೆ. ಹಿಟ್ಟು ಬೀಳುವ ಬಾಯಿಗೆ ಒಂದು ಬಟ್ಟೆ ಚೀಲ ಕಟ್ಟಿರುತ್ತಾರಲ್ಲ, ಅದನ್ನು ಒಂದು ಸಲ ಕೊಡವಿ ನೋಡು, ಮಡಿಕೆಯಿಂದ ಬೆಳ್ಳಗೆ ಗೋಧಿ ಹಿಟ್ಟು ಉದುರುತ್ತದೆ. ಗ್ಲುಟನ್ ಫ್ರೀ ಅಂತ ಪ್ಯಾಕೆಟ್ ಮೇಲೆ ಬರೆಯಬೇಕಾದರೆ ಒಂದು ಕೆಜಿಯಲ್ಲಿ ಗ್ಲುಟನ್ 20 ಮಿಲಿಗ್ರಾಂ ದಾಟಬಾರದು ಅಂತ ನಿಯಮ ಇದೆ. ಅಷ್ಟು ಸ್ವಲ್ಪ ಅಂದರೆ, ಆ ಚೀಲದ ಹಿಟ್ಟೇ ಜಾಸ್ತಿ ಆಯಿತು. ಅದಕ್ಕೆ ರಾಗಿಗೇ ಬೇರೆ ಯಂತ್ರ ಇಟ್ಟಿರುವ ಮಿಲ್ಲು ಹುಡುಕು, ಹಳ್ಳಿ ಕಡೆ ಇನ್ನೂ ಇರುತ್ತವೆ. ಸಿಗದಿದ್ದರೆ ರಾಗಿ ಮೊರದಲ್ಲಿ ಕೇರಿ, ತೊಳೆದು ಒಣಗಿಸಿ ಮನೆಯಲ್ಲೇ ಬೀಸಿಕೊಳ್ಳುವ ಸಣ್ಣ ಯಂತ್ರ ತಗೋ. ಆ ಬ್ರೆಡ್ಡಿಗೆ ತಿಂಗಳು ತಿಂಗಳು ಹಾಕುವ ದುಡ್ಡು ಇದಕ್ಕೆ ಒಂದೇ ಸಲ ಹೋಗಲಿ.

ಎರಡನೆಯದು ಇಂಗು. ಅಂಗಡಿಯ ಪುಡಿ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಓದು. ಅಕ್ಕಿ ಹಿಟ್ಟು ಹಾಕಿದ್ದೂ ಸಿಗುತ್ತದೆ, ಇಲ್ಲದಿದ್ದರೆ ಬೆಳ್ಳುಳ್ಳಿ ಒಗ್ಗರಣೆ ಸಾಕು. ಕಾಂಡಿಮೆಂಟ್ಸ್ ಅಂಗಡಿಯ ನಿಪ್ಪಟ್ಟು, ಕೋಡುಬಳೆಗೂ ಮೈದಾನೋ ಚಿರೋಟಿ ರವೆನೋ ಸೇರಿಸುವವರು ಇದ್ದಾರೆ, ಅದನ್ನು ಮನೆಯಲ್ಲೇ ಬರೀ ಅಕ್ಕಿ ಹಿಟ್ಟಿನಲ್ಲಿ ಮಾಡು. ಮಾಲ್ಟ್ ಪುಡಿ ಕೊಳ್ಳುವಾಗಲೂ ಅಷ್ಟೇ, ಎಷ್ಟೋದರಲ್ಲಿ ಬಾರ್ಲಿ ಇರುತ್ತದೆ, ಹಾಲಿನ ಪುಡಿಯೂ ಇರುತ್ತದೆ. ಅದರ ಬದಲು ರಾಗಿ ಹುರಿಹಿಟ್ಟು ಮಾಡಿಡು. ಬೆಲ್ಲ, ಕಾಯಿತುರಿ ಹಾಕಿ ಕಲಸಿ ಕೊಟ್ಟರೆ ಕಾಲೇಜಿಗೆ ಡಬ್ಬಿಯಲ್ಲಿ ತಗೊಂಡು ಹೋಗುತ್ತಾಳೆ.

ಭಾವ ಬರೆದಿದ್ದರು, ಹಾಲು ಬಿಟ್ಟರೆ ಮೂಳೆ ಸವೆಯುತ್ತದೆ, ಅವಳಿಗೆ ಬುದ್ಧಿ ಹೇಳಿ ಅಂತ. ಭಾವ, ನಿಮ್ಮ ಕಾಳಜಿ ನನಗೆ ಅರ್ಥ ಆಗುತ್ತದೆ. ಆದರೆ ಕರುವಿಗೆ ಸೇರಿದ ಹಾಲು ನನಗೆ ಬೇಡ ಅಂತ ಹುಡುಗಿ ಯೋಚಿಸಿ ನಿರ್ಧಾರ ಮಾಡಿದ್ದಾಳೆ, ಅದನ್ನು ಗೌರವಿಸೋಣ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಅಷ್ಟೇ ಹಸುವಿನ ಹಾಲಿನಲ್ಲಿ 120ರ ಆಸುಪಾಸು. ರಾಗಿಯದು ಅಷ್ಟೂ ಮೈಗೆ ಹತ್ತುವುದಿಲ್ಲ ಅನ್ನುವುದೂ ನಿಜ, ಆದ್ದರಿಂದ ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಒಳ್ಳೆಯದು. ಜೊತೆಗೆ ಎಳ್ಳು, ನುಗ್ಗೆ ಸೊಪ್ಪು ಇರಲಿ. ಪುಟ್ಟಿಗೆ ರಕ್ತ ಕಡಿಮೆ ಅಂತ ಬೇರೆ ಹೇಳಿದ್ದೀಯ. ಸೀಲಿಯಾಕ್‌ನಲ್ಲಿ ಕರುಳಿನ ಒಳಪದರ ಹಾಳಾಗಿ ತಿಂದದ್ದು ಹೀರಿಕೊಳ್ಳುವುದಿಲ್ಲ, ಅದಕ್ಕೆ ಹಾಗೆ ಆಗುತ್ತದೆ. ಡಾಕ್ಟರು ಕೊಟ್ಟ ಮಾತ್ರೆ ತಪ್ಪಿಸಬೇಡ. ಬೆರಕೆ ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡು, ಊಟ ಆದ ತಕ್ಷಣ ಟೀ ಕೊಡಬೇಡ.

ಬಿ12 ವಿಟಮಿನ್ ವಿಷಯದಲ್ಲಿ ಮಾತ್ರ ಹಠ ಬೇಡ. ಸೊಪ್ಪು, ಕಾಳು ಎಷ್ಟು ತಿಂದರೂ ಅದು ಸಿಗುವುದಿಲ್ಲ. ಡಾಕ್ಟರನ್ನು ಕೇಳಿ ಮಾತ್ರೆ ಶುರು ಮಾಡಲೇಬೇಕು, ಪುಟ್ಟಿ, ನೀನೂ ಇದನ್ನು ಕೇಳಿಸಿಕೋ.

ಇನ್ನು ರುಚಿಯ ಮಾತು. ಚಳಿಗಾಲ ಬರಲಿ, ನಮ್ಮ ಚಿಂತಾಮಣಿ ಸಂತೆಯಲ್ಲಿ ಸೊಗಡು ಅವರೆ ಬಂದ ತಕ್ಷಣ ಕಳಿಸುತ್ತೇನೆ. ಕಾಳು ರಾತ್ರಿ ನೆನೆಸಿ, ಬೆಳಿಗ್ಗೆ ಹೆಬ್ಬೆರಳಲ್ಲಿ ಹಿತುಕಿದರೆ ಬೇಳೆ ಪುಳಕ್ಕನೆ ಹಾರಿ ಬರುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಆ ಹಿತಕಿದ ಬೇಳೆಗೆ ಕಾಯಿ, ಗಸಗಸೆ, ಚಕ್ಕೆ, ಲವಂಗ ರುಬ್ಬಿ ಹಾಕಿ ಸಾರು ಮಾಡಿ ಬಿಸಿ ಮುದ್ದೆ ಮುಂದಿಟ್ಟರೆ ಅವಳಿಗೆ ಯಾವ ಪಿಜ್ಜಾನೂ ನೆನಪಾಗುವುದಿಲ್ಲ. ಮೊಸರು ಬೇಕು ಅಂದರೆ ಕಡಲೇಬೀಜ ನೆನೆಸಿ, ರುಬ್ಬಿ, ಸೋಸಿ, ಆ ಹಾಲು ಕಾಯಿಸಿ ಉಗುರುಬೆಚ್ಚಗೆ ಇರುವಾಗ ಹಸಿಮೆಣಸಿನಕಾಯಿ ತೊಟ್ಟು ಹಾಕಿಡು, ಹೆಪ್ಪಾಗುತ್ತದೆ. ವಾಸನೆ ಸ್ವಲ್ಪ ಬೇರೆ, ಆದರೆ ಒಗ್ಗರಣೆ ಹಾಕಿ ಅನ್ನಕ್ಕೆ ಕಲಸಿದರೆ ಚೆನ್ನಾಗಿಯೇ ಇರುತ್ತದೆ. ಹಬ್ಬಕ್ಕೆ ಹೋಳಿಗೆ ಬದಲು ಅಕ್ಕಿ ಹಿಟ್ಟಿನ ಕಾಯಿ ಕಡುಬು, ಎಣ್ಣೆಯಲ್ಲಿ ಕರಿದ ಕಜ್ಜಾಯ, ತುಪ್ಪ ಹಾಕದ ಅಕ್ಕಿ ತಂಬಿಟ್ಟು, ಎಳ್ಳಿನ ಚಿಗಳಿ. ಇವನ್ನು ಅವಳಿಗೊಬ್ಬಳಿಗೇ ಬೇರೆ ಮಾಡಬೇಡ, ಮನೆಮಂದಿಗೆಲ್ಲ ಅದೇ ಮಾಡು. ಆ ವಯಸ್ಸಿನ ಹುಡುಗಿಗೆ ತನ್ನದೊಂದೇ ತಟ್ಟೆ ಬೇರೆ ಅಂದರೆ ತುಂಬಾ ನೋವಾಗುತ್ತದೆ.

ಹೊರಗೆ ಹೋದಾಗ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನಲಿ, ಬೆಣ್ಣೆ ಬೇಡ ಅನ್ನಲಿ, ಇಂಗು ಇರಬಹುದಾದ ಸಾಂಬಾರ್ ಬಿಟ್ಟು ಚಟ್ನಿ ಹಾಕಿಸಿಕೊಳ್ಳಲಿ, ಅದಕ್ಕೆ ಮೊಸರು, ಇಂಗು ಹಾಕಿಲ್ಲವಾ ಅಂತ ಕೇಳಲಿ. ದೋಸೆ ಬೇಡ, ಅದೇ ಕಾವಲಿ ಮೇಲೆ ರವೆ ದೋಸೆನೂ ಹುಯ್ಯುತ್ತಾರೆ. ಗೋಬಿ ಮಂಚೂರಿ ಅಂತೂ ಬೇಡವೇ ಬೇಡ, ಮೈದಾ ಮಾತ್ರ ಅಲ್ಲ, ಸೋಯಾ ಸಾಸ್‌ನಲ್ಲೂ ಗೋಧಿ ಇರುತ್ತದೆ.

ಚಿಕ್ಕಮ್ಮ, ನಿಮಗೆ ಒಂದು ಮಾತು. ನನಗೂ ಹೊಟ್ಟೆ ಉಬ್ಬರ, ನಾಳೆಯಿಂದ ಚಪಾತಿ ಬಿಡುತ್ತೇನೆ ಅಂದಿರಲ್ಲ, ಈಗಲೇ ಬಿಡಬೇಡಿ. ಮೊದಲು ಸೀಲಿಯಾಕ್ ಇದೆಯಾ ಅಂತ ರಕ್ತ ಪರೀಕ್ಷೆ ಆಗಲಿ. ಗೋಧಿ ಬಿಟ್ಟ ಮೇಲೆ ಮಾಡಿಸಿದರೆ ಇದ್ದರೂ ಇಲ್ಲ ಅಂತ ಬರಬಹುದು. ಒಡಹುಟ್ಟಿದವರಿಗೆ, ತಂದೆ ತಾಯಿಗೆ ಇದು ಬರುವ ಸಾಧ್ಯತೆ ಜಾಸ್ತಿ, ಆದ್ದರಿಂದ ಪುಟ್ಟಿ ತಮ್ಮನಿಗೂ, ನಿನಗೂ, ಭಾವನಿಗೂ ಪರೀಕ್ಷೆ ಮಾಡಿಸು ಕಣೇ.

ಮುಂದಿನ ತಿಂಗಳ ಮದುವೆ ಊಟದ ಚಿಂತೆ ನನಗೆ ಬಿಡು. ಅಡುಗೆಯವರ ಹತ್ತಿರ ನಾನೇ ಮಾತಾಡುತ್ತೇನೆ, ಅನ್ನ, ಕೋಸಂಬರಿ, ಪಲ್ಯ ಬೇರೆ ಪಾತ್ರೆಯಲ್ಲಿ ಮೊದಲೇ ತೆಗೆದಿಡಲಿ, ಸೌಟೂ ಬೇರೆ ಇರಲಿ. ಸಾರು ನಾನು ಮನೆಯಿಂದ ತರುತ್ತೇನೆ. ಅವಳಿಗೆ ಅಲಸಂದೆ ಕಾಳಿನದು ಇಷ್ಟನಾ, ಹುರುಳಿದಾ, ಕೇಳಿ ಹೇಳು.