ಹೆಡ್ ಕೋಚ್ ಮೇಡಂಗೆ ಡಿಮೆನ್ಷಿಯಾ, ತಂಡಕ್ಕೆ ತಾವೇ ಹೇಳಬೇಕು ಅಂತಿದ್ದಾರೆ. ಏನು ಮಾಡಲಿ?

ಪ್ರಶ್ನೆ: ಅಸಿಸ್ಟೆಂಟ್_ಕೋಚ್

ನಾನು ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ತಂಡವೊಂದರಲ್ಲಿ ಅಸಿಸ್ಟೆಂಟ್ ಕೋಚ್. ನಮ್ಮ ಹೆಡ್ ಕೋಚ್ ಮೇಡಂಗೆ 58 ವರ್ಷ. ಹೋದ ಸೀಸನ್‌ನಿಂದಲೇ ಏನೋ ಸರಿ ಇಲ್ಲ ಅನಿಸುತ್ತಿತ್ತು. ಟೈಮ್‌ಔಟ್ ತೆಗೆದುಕೊಂಡು, ಬೋರ್ಡ್ ಹಿಡಿದು, ಮಾರ್ಕರ್ ಕ್ಯಾಪ್ ತೆಗೆದು, ಹಾಗೇ ನಿಂತುಬಿಡುತ್ತಿದ್ದರು. ಈ ವರ್ಷ ಸೇರಿದ ಹುಡುಗಿಯರ ಹೆಸರು ಬಾಯಿಗೆ ಬರುವುದಿಲ್ಲ. ಬಹಳ ಹಿಂದೆ ಆಡಿದವರ ಜೆರ್ಸಿ ನಂಬರ್ ಮಾತ್ರ ಪಟಪಟ ಅಂತ ಹೇಳುತ್ತಾರೆ. ಎಲ್ಲ ಪರೀಕ್ಷೆ ಮುಗಿದು ಈಗ ಡಾಕ್ಟರ್ ಆಲ್ಝೈಮರ್ಸ್, ಅಂದರೆ ಮರೆವಿನ ಕಾಯಿಲೆ ಡಿಮೆನ್ಷಿಯಾದ ಒಂದು ಬಗೆ, ಶುರುವಾಗಿದೆ ಎಂದಿದ್ದಾರೆ.

ಮೇಡಂ ಇದನ್ನು ಮುಚ್ಚಿಡಲು ಒಪ್ಪುತ್ತಿಲ್ಲ. ಮೊದಲು ತಂಡಕ್ಕೆ, ಆಮೇಲೆ ಎಲ್ಲರಿಗೂ ತಾವೇ ಹೇಳಬೇಕು, ಇನ್ನೊಂದು ಸೀಸನ್ ಕೋಚ್ ಮಾಡಬೇಕು ಅಂತಾರೆ. ಮನೆಯವರು ಬೇಡವೇ ಬೇಡ ಅಂತಿದ್ದಾರೆ. "ಅರಳು ಮರಳು ಅಂತ ಆಡಿಕೊಳ್ಳುತ್ತಾರೆ, ಇಷ್ಟು ವರ್ಷ ಗಳಿಸಿದ ಹೆಸರು ಒಂದೇ ದಿನಕ್ಕೆ ಹೋಗುತ್ತೆ" ಅನ್ನೋದು ಅವರ ಭಯ. ಮೇಡಂ ನನ್ನನ್ನು ಕೇಳಿದರು, "ನೀನೇನು ಹೇಳ್ತೀಯಾ?" ಅಂತ. ನಾನಿನ್ನೂ ಉತ್ತರ ಕೊಟ್ಟಿಲ್ಲ. ಚಿಕ್ಕ ವಯಸ್ಸಿನಿಂದ ಅವರ ಕೈಯಲ್ಲೇ ಆಟ ಕಲಿತವಳು ನಾನು. ಆದರೆ ಹುಡುಗಿಯರ ಸೀಸನ್ ಕೂಡ ನನ್ನ ಜವಾಬ್ದಾರಿ, ಅಲ್ವಾ? ಹತ್ತಿರದಿಂದ ಕಂಡವರು ದಯವಿಟ್ಟು ಬರೆಯಿರಿ.

ಉತ್ತರ: ಅತ್ತೆಯನ್ನು_ನೋಡಿಕೊಂಡವಳು

ಥೈರಾಯ್ಡ್, ಬಿ12 ಕೊರತೆ, ಖಿನ್ನತೆ, ಕೆಲವು ಮಾತ್ರೆಗಳು, ಇವುಗಳಿಂದಲೂ ಹೀಗೇ ಮರೆವು ಬರುತ್ತೆ. ಅದನ್ನೆಲ್ಲ ನೋಡಿದ್ದಾರಾ ಅಂತ ಒಂದು ಸಲ ಖಚಿತ ಮಾಡಿಕೊಳ್ಳಿ. ನೋಡಿದ್ದಾರೆ ಅಂದರೆ ಹೇಳುವುದನ್ನು ಮುಂದೂಡಬೇಡಿ. ನಮ್ಮ ಮನೆಯಲ್ಲಿ ಅತ್ತೆಯವರ ವಿಷಯ ನೆಂಟರಿಗೆ ಹೇಳುವ ಹೊತ್ತಿಗೆ ಮಾತಾಡಿದ್ದೆಲ್ಲ ನಾವೇ. ಅವರು ಪಕ್ಕದಲ್ಲಿ ಕೂತು ಕೇಳುತ್ತಿದ್ದರು. ನಿಮ್ಮ ಮೇಡಂಗೆ ಈಗ ಹೇಳಲು ಬರುತ್ತೆ.

ಉತ್ತರ: ಹಳೇ_ಪಾಯಿಂಟ್_ಗಾರ್ಡ್

ನಿಮ್ಮ ಮೇಡಂ ನಿಂತಿರುವ ಜಾಗದಲ್ಲೇ 2011ರಲ್ಲಿ ಬಾಸ್ಕೆಟ್‌ಬಾಲ್ ಕೋಚ್ ಪ್ಯಾಟ್ ಸಮಿಟ್ ನಿಂತಿದ್ದರು. ಅವರ ತಂಡದ ಹಳೇ ಮ್ಯಾಚ್‌ಗಳನ್ನು ಹುಡುಕಿ ಹುಡುಕಿ ನೋಡಿ ಆಟ ಕಲಿತವಳು ನಾನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಅಮೆರಿಕದ ಟೆನ್ನೆಸಿ ವಿಶ್ವವಿದ್ಯಾಲಯದ ಮಹಿಳಾ ತಂಡಕ್ಕೆ 1974ರಲ್ಲಿ, 22ನೇ ವಯಸ್ಸಿಗೇ ಹೆಡ್ ಕೋಚ್ ಆದವರು ಸಮಿಟ್. 38 ಸೀಸನ್, 1,098 ಗೆಲುವು, 8 ರಾಷ್ಟ್ರೀಯ ಚಾಂಪಿಯನ್‌ಶಿಪ್. ಅವರು ಸುಮ್ನೆ ದಿಟ್ಟಿಸಿ ನೋಡಿದರೆ ಸಾಕು, ಆಟಗಾರ್ತಿಯರ ಎದೆ ಢವಗುಟ್ಟುತ್ತಿತ್ತು. ಅಂಥವರಿಗೆ ಆಟದ ನಡುವೆ ಯಾವ ಪ್ಲೇ, ಅಂದರೆ ಯಾವ ತಂತ್ರ, ಕರೆಯಬೇಕು ಅಂತ ಹೊಳೆಯದೇ ಹೋಯಿತು. ಸಂಧಿವಾತಕ್ಕೆ ತೆಗೆದುಕೊಳ್ಳುತ್ತಿದ್ದ ಔಷಧಿಯಿಂದ ಹೀಗಾಗುತ್ತಿದೆ ಅಂದುಕೊಂಡಿದ್ದರಂತೆ. ಮೇಯೊ ಕ್ಲಿನಿಕ್ ಅನ್ನುವ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದಾಗ ಗೊತ್ತಾಯಿತು, ಚಿಕ್ಕ ವಯಸ್ಸಿಗೇ ಬಂದ ಆಲ್ಝೈಮರ್ಸ್ ಅಂತ. 2011ರ ಆಗಸ್ಟ್ 23ರಂದು ತಂಡವನ್ನು ಕೂರಿಸಿಕೊಂಡು ತಾವೇ ಹೇಳಿದರು. ಅದೇ ದಿನ ವಿಡಿಯೋದಲ್ಲಿ ಎಲ್ಲರಿಗೂ ಹೇಳಿದರು. ಆಗ ಅವರಿಗೆ 59.

ಅವರ ಧೈರ್ಯದ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು ಆಮೇಲೆ ಅವರು ಕೆಲಸ ಹಂಚಿದ ರೀತಿ. ಹಾಲಿ ವಾರ್ಲಿಕ್ ಅನ್ನುವವರು ಸಮಿಟ್ ಕೈಕೆಳಗೇ ಆಡಿದವರು, 1985ರಿಂದ ಸಮಿಟ್‌ಗೆ ಅಸಿಸ್ಟೆಂಟ್. ಮ್ಯಾಚ್ ನಡೆಸುವ ಹೆಚ್ಚಿನ ಭಾರವನ್ನು, ಮ್ಯಾಚ್ ಆದ ಮೇಲೆ ಪತ್ರಕರ್ತರ ಜೊತೆ ಮಾತಾಡುವುದನ್ನು ವಾರ್ಲಿಕ್ ಹೊತ್ತರು. ಉಳಿದಿದ್ದನ್ನು ಇನ್ನಿಬ್ಬರು ಅಸಿಸ್ಟೆಂಟ್‌ಗಳು ನೋಡಿಕೊಂಡರು. ಸಮಿಟ್ ಬೆಂಚಿನಲ್ಲೇ ಇದ್ದರು. ಆ ಸೀಸನ್ ಹಾಳಾಗಲಿಲ್ಲ: 27 ಗೆಲುವು, 9 ಸೋಲು, ಎಸ್‌ಇಸಿ (ಆ ಭಾಗದ ವಿಶ್ವವಿದ್ಯಾಲಯಗಳ ಲೀಗ್) ಟೂರ್ನಮೆಂಟ್ ಪ್ರಶಸ್ತಿ. ರಾಷ್ಟ್ರೀಯ ಟೂರ್ನಮೆಂಟಿನ ಕೊನೆಯ ಎಂಟರ ಸುತ್ತಿನಲ್ಲಿ ಬೇಲರ್ ಎದುರು ಸೋತರು. ಆ ವರ್ಷ ಬೇಲರ್ ಆಡಿದ 40 ಮ್ಯಾಚನ್ನೂ ಗೆದ್ದ ತಂಡ, ಅದಕ್ಕೆ ಸೋತಿದ್ದು ಅವಮಾನವೇನಲ್ಲ.

ನೀವು ಬರೆದ ಜೆರ್ಸಿ ನಂಬರ್ ಮಾತಿಗೆ ಬರುತ್ತೇನೆ. ನಿಮಗೆ ಬೇಕಾದ ಉತ್ತರ ಅಲ್ಲೇ ಇದೆ. ಹೊಸ ನೆನಪು ಕೂಡಿಸುವ ಮಿದುಳಿನ ಭಾಗಕ್ಕೆ, ಅಂದರೆ ಹಿಪ್ಪೊಕ್ಯಾಂಪಸ್‌ಗೆ, ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಬೇಗ ಪೆಟ್ಟು ಬೀಳುತ್ತೆ. ಹಳೆಯದು ತುಂಬಾ ದಿನ ಉಳಿಯುತ್ತೆ. ಮಾಡಿ ಮಾಡಿ ಮೈಗೆ ಹತ್ತಿದ ಕೆಲಸ ಇನ್ನೂ ಜಾಸ್ತಿ ದಿನ ಉಳಿಯುತ್ತೆ. ಈಗ ನಿಮ್ಮ ಕೋರ್ಟಿನಲ್ಲಿ ಇದನ್ನು ಇಟ್ಟು ನೋಡಿ. ಕೊನೆಯ ಎರಡು ನಿಮಿಷದಲ್ಲಿ ಸ್ಕೋರ್, ಯಾರಿಗೆ ಎಷ್ಟು ಫೌಲ್, ಎಷ್ಟು ಟೈಮ್‌ಔಟ್ ಉಳಿದಿದೆ, ಯಾರನ್ನು ಒಳಗೆ ಕಳಿಸಬೇಕು, ಇಷ್ಟನ್ನೂ ಒಟ್ಟಿಗೆ ತಲೆಯಲ್ಲಿ ಹಿಡಿದಿಡಬೇಕು. ಅದು ಅವರಿಗೆ ಈಗಲೇ ಕಷ್ಟ, ಮುಂದೆ ಮಾಡಲೇ ಆಗುವುದಿಲ್ಲ. ಆದರೆ ಒಬ್ಬ ಹುಡುಗಿಯ ಮೊಣಕೈ ಹೊರಗೆ ಹೋಗುತ್ತಿದೆ, ಕಾಲು ತಪ್ಪು ಕಡೆ ತಿರುಗಿದೆ ಅನ್ನುವುದನ್ನು ಅವರ ಕಣ್ಣು ಈಗಲೂ ನಿಮಗಿಂತ ಬೇಗ ಹಿಡಿಯಬಹುದು. ಆ ಕಣ್ಣಿಗೆ ಕೆಲಸ ಕೊಡಿ.

ಇನ್ನೊಂದು ಮಾತು. ನಾರ್ತ್ ಕ್ಯಾರೊಲಿನಾ ತಂಡದ ಡೀನ್ ಸ್ಮಿತ್ ಕೂಡ ಅಷ್ಟೇ ದೊಡ್ಡ ಕೋಚ್. 879 ಗೆಲುವು ಕಂಡು 1997ರಲ್ಲಿ ನಿವೃತ್ತರಾದರು. ಅವರ ಮರೆವಿನ ಕಾಯಿಲೆಯನ್ನು 2010ರಲ್ಲಿ ಪತ್ರ ಬರೆದು ಜಗತ್ತಿಗೆ ತಿಳಿಸಿದ್ದು ಅವರ ಕುಟುಂಬ. ಅದರಲ್ಲಿ ತಪ್ಪೇನೂ ಇಲ್ಲ, ಪ್ರೀತಿಯಿಂದಲೇ ಬರೆದರು. ಆದರೂ ಸಮಿಟ್ ತಾವೇ ಹೇಳಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ನಿಮ್ಮ ಮೇಡಂ ತಾವೇ ಹೇಳಬೇಕು ಅನ್ನುತ್ತಿದ್ದರೆ ಆ ಹಕ್ಕು ಅವರದು. ಮನೆಯವರ ಭಯ ನಿಜವಾದದ್ದೇ, ಆದರೆ ಅವರ ಭಯಕ್ಕೆ ಮೇಡಂ ಬಾಯಿ ಮುಚ್ಚಿಸುವುದು ಸರಿಯಲ್ಲ.

ಸಮಿಟ್ 2012ರ ಏಪ್ರಿಲ್‌ನಲ್ಲಿ ಹುದ್ದೆ ಬಿಟ್ಟರು, ವಾರ್ಲಿಕ್ ಹೆಡ್ ಕೋಚ್ ಆದರು. 2016ರ ಜೂನ್ 28ರಂದು ಸಮಿಟ್ ತೀರಿಕೊಂಡರು, 64 ವರ್ಷಕ್ಕೆ. ಹೇಳಿಕೊಂಡ ದಿನದಿಂದ ಐದು ವರ್ಷ ಕೂಡ ಆಗಿರಲಿಲ್ಲ. ಎಲ್ಲರಿಗೂ ಇಷ್ಟು ಬೇಗ ಆಗುತ್ತೆ ಅಂತಲ್ಲ, ಕಾಯಿಲೆ ಒಬ್ಬೊಬ್ಬರಲ್ಲಿ ಒಂದೊಂದು ವೇಗದಲ್ಲಿ ಹೋಗುತ್ತೆ. ಆದರೆ ಯೋಚಿಸೋಣ ನೋಡೋಣ ಅಂತ ತಿಂಗಳು ತಳ್ಳಬೇಡಿ.

ಉತ್ತರ: ಮೂರನೇ_ಕ್ವಾರ್ಟರ್

ಮೇಲಿನವರು ಬರೆದಿದ್ದು ಮನಸ್ಸಿಗೆ ತಟ್ಟಿತು. ಆದರೆ ಸಮಿಟ್ ಅಷ್ಟು ಗೆದ್ದವರು, ಅವರ ಬೆನ್ನಿಗೆ ವಿಶ್ವವಿದ್ಯಾಲಯವೇ ನಿಂತಿತ್ತು. ಅಭಿಮಾನಿಗಳು "ವಿ ಬ್ಯಾಕ್ ಪ್ಯಾಟ್" (ನಾವು ಪ್ಯಾಟ್ ಬೆನ್ನಿಗಿದ್ದೇವೆ) ಅಂತ ಟೀ ಶರ್ಟ್ ಹಾಕಿಕೊಂಡು ಬಂದರು. ಸಾಧಾರಣ ಕೋಚ್‌ಗೆ ಅಷ್ಟೆಲ್ಲ ಬಲ ಇರುವುದಿಲ್ಲ. ಹೇಳಿದ ಮರುದಿನವೇ ಕೆಲಸದಿಂದ ತೆಗೆಯಬಹುದು. ತಂಡಕ್ಕೆ ಹೇಳುವ ಮುಂಚೆ ಆಡಳಿತದವರ ಹತ್ತಿರ ಕೂತು, ಯಾರು ಏನು ಮಾಡುತ್ತಾರೆ ಅನ್ನುವುದನ್ನು ಬರೆಸಿಕೊಳ್ಳಿ. "ಇನ್ನು ಸಾಕು ಮೇಡಂ" ಅಂತ ಹೇಳುವವರು ಯಾರು ಅನ್ನುವುದನ್ನೂ ಮೇಡಂ ಬಾಯಿಂದಲೇ ಈಗಲೇ ಹೇಳಿಸಿ ಬರೆದಿಡಿ. ಆಮೇಲೆ ಆ ಮಾತು ಆಡುವುದು ಯಾರಿಗೂ ಸುಲಭವಲ್ಲ. ಹುಡುಗಿಯರನ್ನು ಮ್ಯಾಚಿಗೆ ಕರೆದೊಯ್ಯುವಾಗ ಮೇಡಂ ಗಾಡಿ ಓಡಿಸುತ್ತಿದ್ದರೆ ಅದನ್ನು ಇವತ್ತೇ ನಿಲ್ಲಿಸಿ.

ಉತ್ತರ: ಹಳೇ_ಪಾಯಿಂಟ್_ಗಾರ್ಡ್

ಬರೆದಿಡುವ ಮಾತು ನೂರಕ್ಕೆ ನೂರು ಸರಿ. ಅದನ್ನು ನಾನು ಬಿಟ್ಟಿದ್ದೆ.

ಉತ್ತರ: ಅಸಿಸ್ಟೆಂಟ್_ಕೋಚ್

ಎಲ್ಲರಿಗೂ ಧನ್ಯವಾದ. ಬಿ12, ಥೈರಾಯ್ಡ್ ಎಲ್ಲ ನೋಡಿಯೇ ಹೇಳಿದ್ದಾರಂತೆ. ಇವತ್ತು ಮೇಡಂ ಹತ್ತಿರ ಹೋಗಿ "ಹೇಳಿ ಮೇಡಂ, ನಾನು ಪಕ್ಕದಲ್ಲಿ ನಿಂತಿರುತ್ತೇನೆ" ಅಂದೆ. ಕೆಲಸ ಹಂಚುವ ವಿಷಯ ಎತ್ತಿದರೆ ಬೇಸರ ಮಾಡಿಕೊಳ್ಳುತ್ತಾರೇನೋ ಅಂತ ಅಳುಕಿತ್ತು. ಅವರೇ ಹಾಳೆ ತೆಗೆದುಕೊಂಡು ಬರೆದರು. ಟೈಮ್‌ಔಟ್, ಸಬ್‌ಸ್ಟಿಟ್ಯೂಷನ್ ನನಗೆ. ಶೂಟಿಂಗ್, ಫುಟ್‌ವರ್ಕ್ ಅವರಿಗೆ. "ಸಾಕು" ಅನ್ನುವ ಮಾತಿನ ಎದುರು ನನ್ನ ಹೆಸರು ಬರೆದರು. ನನಗೆ ಅದು ಬೇಡವಾಗಿತ್ತು, ಆದರೂ ಒಪ್ಪಿಕೊಂಡೆ.

ಮೊದಲು ಆಡಳಿತದವರನ್ನು ನೋಡುತ್ತೇವೆ, ಆಮೇಲೆ ತಂಡ. ಮೇಡಂ ಗಂಡ ಇನ್ನೂ ಒಪ್ಪಿಲ್ಲ. ನಾಳೆ ಅವರ ಜೊತೆ ಮಾತಾಡಲು ಹೋಗುತ್ತಿದ್ದೇನೆ. ಸಮಿಟ್ ಅವರ ಆ ವಿಡಿಯೋ ಹುಡುಕಿ ಇಟ್ಟುಕೊಂಡಿದ್ದೇನೆ, ಅವರಿಗೂ ತೋರಿಸುತ್ತೇನೆ.