ರಿವಾಲ್ವರ್ ಹೋಲ್ಸ್ಟರ್ ಒಣಗಿದ ಮೇಲೆ ಆಕಾರ ಹಿಡಿಯುತ್ತಿಲ್ಲ

ತೊಗಲುಗೆಲಸ, ತುಮಕೂರು:
ಸೊಂಟಪಟ್ಟಿ, ಚಪ್ಪಲಿಗಳನ್ನು ಕೈಯಲ್ಲೇ ಹೊಲಿಯುವ ನನ್ನ ಬಳಿ, ಪರವಾನಗಿ ಇರುವ ಗ್ರಾಹಕರೊಬ್ಬರು ತಮ್ಮ .32 ರಿವಾಲ್ವರ್‌ಗೆ ಹೋಲ್ಸ್ಟರ್ (ಸೊಂಟಕ್ಕೆ ಸಿಕ್ಕಿಸುವ ಚರ್ಮದ ಒರೆ) ಮಾಡಿಸಲು ಬಂದಿದ್ದರು. ಕೈಚೀಲಕ್ಕೆಂದು ತಂದಿದ್ದ ಮೆತ್ತನೆಯ ಚರ್ಮವನ್ನು ನೆನೆಸಿ, ಅಳತೆಗೆ ಕೆತ್ತಿಸಿದ ಮರದ ಮಾದರಿಯ ಮೇಲೆ ಒತ್ತಿ ಒಣಗಿಸಿದೆ. ಮಾದರಿಯನ್ನು ಹೊರತೆಗೆದ ಕೂಡಲೇ ಬಾಯಿ ಮುಚ್ಚಿಕೊಂಡಿತು. ತಪ್ಪು ಚರ್ಮದ್ದೋ, ನನ್ನ ಕೈಯದ್ದೋ?

ಹಳೇ ಕಸುಬು, ಕೋಲಾರ:
ಚರ್ಮದ್ದೇ. ಅದು ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಿಂದ ಹದಮಾಡಿದ ಚರ್ಮವಿರಬೇಕು. ಬಣ್ಣ ಒಳಗಿನವರೆಗೂ ಇಳಿದಿಲ್ಲವಾದರೆ, ಕೊಯ್ದ ಅಂಚಿನ ನಡುವೆ ನೀಲಿ ಛಾಯೆ ಕಾಣುತ್ತದೆ. ಅದು ಎಷ್ಟು ನೆನೆದರೂ ಒಣಗಿದ ಮೇಲೆ ಮತ್ತೆ ಮೆತ್ತಗಾಗುತ್ತದೆ. ತೊಗಟೆಯಲ್ಲಿರುವ ಒಗರು ಪದಾರ್ಥವಾದ ಟ್ಯಾನಿನ್‌ನಿಂದ ಹದಮಾಡಿದ ಚರ್ಮವಾದರೋ ನೀರು ಕುಡಿದಾಗ ಬೆರಳಿಗೆ ಮಣಿದು, ಒಣಗುತ್ತಾ ಮಣಿದ ರೂಪದಲ್ಲೇ ಬಿಗಿಯುತ್ತದೆ. ನಮ್ಮ ಕಡೆಯ ಬೀಳುಗಳಲ್ಲಿ ಹಳದಿ ಹೂ ಬಿಡುವ ತಂಗಡಿಯ ತೊಗಟೆಯೂ ದಕ್ಷಿಣ ಭಾರತದಲ್ಲಿ ಬಹಳ ಕಾಲ ಈ ಕೆಲಸಕ್ಕೇ ಬಳಕೆಯಾಗಿದೆ. ಎಣ್ಣೆ ಹೆಚ್ಚು ಕುಡಿಸದ, 3ರಿಂದ 3.5 ಮಿ.ಮೀ. ದಪ್ಪದ ಹಸುವಿನ ಅಥವಾ ಎಮ್ಮೆಯ ತೊಗಲನ್ನು ಆರಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಗುಳ್ಳೆ ಏಳುವುದು ನಿಂತ ಮೇಲೆ ಹೊರತೆಗೆದು ಮಾದರಿಯ ಮೇಲೆ ಒತ್ತಿ, ನೆರಳಿನಲ್ಲೇ ಒಣಗಿಸಿ. ಬಿಸಿಲಿಗಿಟ್ಟರೆ ಸುಕ್ಕಾಗಿ ಸೀಳುತ್ತದೆ.

ನಿವೃತ್ತ ಸೈನಿಕ, ಚಿಂತಾಮಣಿ:
ಮರದ ಮಾದರಿ ಬಳಸಿದ್ದು ಸರಿಯಾಯಿತು. 1959ರ ಆಯುಧ ಕಾಯ್ದೆಯಂತೆ ಪರವಾನಗಿ ಇಲ್ಲದವರು ಬಂದೂಕನ್ನು ಇಟ್ಟುಕೊಳ್ಳುವಂತಿಲ್ಲವಾದ್ದರಿಂದ, ಗ್ರಾಹಕರು ಎಷ್ಟೇ ಪರಿಚಿತರಾಗಿದ್ದರೂ ಆಯುಧವನ್ನು ನಿಮ್ಮ ಅಂಗಡಿಯಲ್ಲಿ ಬಿಟ್ಟುಹೋಗಬಾರದು. ಬಾಯಿಯ ಸುತ್ತ ಇನ್ನೊಂದು ಪದರ ತೊಗಲನ್ನು ಅಂಟಿಸಿ ಹೊಲಿದರೆ ಅದು ತೆರೆದೇ ನಿಲ್ಲುತ್ತದೆ, ಒಂದೇ ಕೈಯಲ್ಲಿ ಮರಳಿ ಇಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಟ್ರಿಗರ್ ಇರುವ ಬಳೆ ಪೂರ್ತಿ ಮುಚ್ಚಿರಬೇಕು. ಅಂದಕ್ಕೆಂದು ಅಲ್ಲಿ ಚರ್ಮ ಕತ್ತರಿಸಿದವರನ್ನು ಕಂಡಿದ್ದೇನೆ, ನನಗದು ಒಪ್ಪಿಗೆಯಿಲ್ಲ. ಮೇಲೊಂದು ಗುಂಡಿಪಟ್ಟಿಯನ್ನೂ ಹಾಕಿ.

ಹಳೇ ಕಸುಬು, ಕೋಲಾರ:
ಅಚ್ಚು ಬಿಗಿಯಾಗಿ ಕೂತರೆ ಗುಂಡಿಪಟ್ಟಿ ಬೇಕಿಲ್ಲವೆಂಬುದು ನನ್ನ ಅನಿಸಿಕೆ. ದಾರಕ್ಕೆ ಮೇಣ ಹಚ್ಚಿ, ಎರಡು ಸೂಜಿಗಳಲ್ಲಿ ಎರಡೂ ಕಡೆಯಿಂದ ಹೊಲಿಯಿರಿ. ಒಂದು ಹೊಲಿಗೆ ಹರಿದರೂ ಉಳಿದವು ಬಿಚ್ಚಿಕೊಳ್ಳುವುದಿಲ್ಲ.

ನಿವೃತ್ತ ಸೈನಿಕ, ಚಿಂತಾಮಣಿ:
ಸ್ಕೂಟರಿನಲ್ಲಿ ಓಡಾಡುವವರಾದರೆ ಪಟ್ಟಿ ಬೇಕೇ ಬೇಕು. ಮನೆಯಲ್ಲಿ ಆಯುಧವನ್ನು ಹೋಲ್ಸ್ಟರ್‌ನೊಳಗೇ ತಿಂಗಳುಗಟ್ಟಲೆ ಇಡಬಾರದೆಂದೂ ಗ್ರಾಹಕರಿಗೆ ತಿಳಿಸಿ. ಚರ್ಮ ಹಿಡಿದಿಟ್ಟ ತೇವಕ್ಕೆ ಉಕ್ಕು ತುಕ್ಕು ಹಿಡಿಯುತ್ತದೆ.

ತೊಗಲುಗೆಲಸ, ತುಮಕೂರು:
ಅಂಚನ್ನು ಕೊಯ್ದು ನೋಡಿದೆ, ನೀಲಿಯೇ ಇದೆ. ಗ್ರಾಹಕರು ಓಡಾಡುವುದು ಸ್ಕೂಟರಿನಲ್ಲೇ, ಆದ್ದರಿಂದ ಪಟ್ಟಿಯನ್ನೂ ಹೊಲಿಯುತ್ತೇನೆ.