ಮುರಕಲ್ಲಿನ ಅಂಗಳದ ಪಾಚಿಗೆ ಪ್ರೆಷರ್ ವಾಷರ್ ಬಳಸಬಹುದೇ?

ಪ್ರಶ್ನೆ: ಕರಾವಳಿಯ ನಮ್ಮ ಮನೆಯ ಮುರಕಲ್ಲಿನ ಅಂಗಳದಲ್ಲಿ ಮಳೆಗಾಲ ಕಳೆದರೂ ಪಾಚಿ ಹೋಗದೆ, ತುಳಸಿಕಟ್ಟೆಯ ಸುತ್ತ ಕಾಲಿಟ್ಟರೆ ಜಾರುವಂತಾಗಿದೆ, ಪ್ರೆಷರ್ ವಾಷರ್ (ನೀರನ್ನು ರಭಸದಿಂದ ಚಿಮ್ಮಿಸುವ ಯಂತ್ರ) ಬಳಸಿದರೆ ಕಲ್ಲಿಗೆ ಹಾನಿಯಾದೀತೇ?

ಉತ್ತರ 1: ಮುರಕಲ್ಲು ರಂಧ್ರಗಳಿರುವ ಮೆದು ಕಲ್ಲಾದ್ದರಿಂದ, ಸೊನ್ನೆ ಡಿಗ್ರಿ ನಾಜಲ್‌ನ ಸೂಜಿಯಂಥ ಧಾರೆ ಅದನ್ನು ಕೊರೆದೇಬಿಡುತ್ತದೆ. 40 ಡಿಗ್ರಿಯ ಅಗಲ ನಾಜಲ್ ಹಾಕಿ, ಒಂದು ಅಡಿಗಿಂತ ಹೆಚ್ಚು ದೂರದಿಂದ, ಮೊದಲು ಮೂಲೆಯ ಒಂದೇ ಕಲ್ಲಿನ ಮೇಲೆ ಪ್ರಯೋಗಿಸಿ. ಪಾಚಿ ಹೋದ ಮೇಲೂ ನೀರು ಕೆಂಪಾಗಿಯೇ ಇಳಿದರೆ ಕಲ್ಲು ಸವೆಯುತ್ತಿದೆ ಎಂದರ್ಥ.

ಉತ್ತರ 2: ಕಳೆದ ವರ್ಷ ನಾನು ಅವಸರದಲ್ಲಿ ಹತ್ತಿರದಿಂದ ಹೊಡೆದು, ಸಂದುಗಳ ಗಾರೆಯನ್ನೆಲ್ಲ ಕಿತ್ತುಹಾಕಿದೆ. ಬ್ಲೀಚಿಂಗ್ ಪುಡಿಯ ತಿಳಿನೀರು ಚಿಮುಕಿಸಿ, ಕಡ್ಡಿಪೊರಕೆಯಿಂದ ಉಜ್ಜಿದರೆ ಅರ್ಧ ಕೆಲಸ ಮುಗಿಯುತ್ತದೆ. ಆದರೆ ಅದಕ್ಕೆ ಆಸಿಡ್ ಬೆರೆಸಿದರೆ ಕ್ಲೋರಿನ್ ವಿಷಾನಿಲ ಹೊಮ್ಮುತ್ತದೆ. ಆ ತಿಳಿನೀರು ತುಳಸಿಯ ಬುಡಕ್ಕೂ ತಾಗದಿರಲಿ.